ನಮ್ಮ ಮಾತಿಗೆ ಕಿವಿಗೊಟ್ಟ ಸಿನಿಮಾ



ಚಿತ್ರವೇ ಕಾಣದ ರೇಡಿಯೋದಲ್ಲಿ ಚಲನಚಿತ್ರದ ಮಾತು ಯಾಕೆ ಎಂದು ಕೆಲವರು ಕೇಳಬಹುದು. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಬೆಳೆದವರಿಗೆ ಆ ಪ್ರಶ್ನೆ ಏಳುವುದಿಲ್ಲ. ನಾವು ಸಿನಿಮಾ ನೋಡಿದ್ದಕ್ಕಿಂತ ಕೇಳಿದ್ದೇ ಜಾಸ್ತಿ. ಕುಣಿಮಗ್ಗದ ಮಗ್ಗುಲಿಗೆ ಗೋಡೆಯ ಮಾಡದಲ್ಲಿ ರೇಡಿಯೋ ಇರುತ್ತಿತ್ತು. ನೇಯುವವರ ಕೈಕಾಲು ಎರಡೂ ಕೆಲಸದಲ್ಲಿ, ಕಣ್ಣು ಎಳೆಯ ಮೇಲೆ. ಬಿಡುವಾಗಿದ್ದದ್ದು ಕಿವಿ ಒಂದೇ. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ಆ ಬಿಡುವಿನ ಕಿವಿಯನ್ನು ಹಾಡಿನಿಂದ, ನಾಟಕದಿಂದ, ಸಿನಿಮಾ ಮಾತಿನಿಂದ ತುಂಬಿತು. ಇಡೀ ಸಿನಿಮಾದ ಧ್ವನಿಯನ್ನು ರೇಡಿಯೋದಲ್ಲಿ ಬಿಟ್ಟ ದಿನ ಓಣಿಯ ಲಾಳಿಗಳ ಸಪ್ಪಳವೂ ತಗ್ಗುತ್ತಿತ್ತು. ನಮ್ಮ ತಂದೆಯವರು ಮಗ್ಗದಿಂದ ತಲೆ ಎತ್ತದೆಯೇ, "ಈಗ ಆಕಿ ಬಾಗಿಲಾ ತೆರದ್ಳು ನೋಡು" ಎಂದು ನಮಗೆ ಹೇಳುತ್ತಿದ್ದರು. ಆ ಚಿತ್ರವನ್ನು ಅವರು ಟಾಕೀಜಿನಲ್ಲಿ ನೋಡಿರುತ್ತಿರಲಿಲ್ಲ.

ಹಾಗಾಗಿ ಸಿನಿಮಾ ಅಳೆಯಲು ನನ್ನ ಕೈಯಲ್ಲಿರುವುದು ಒಂದೇ ಅಳತೆಗೋಲು. ಕಣ್ಣು ಮುಚ್ಚಿಕೊಂಡು ಕೇಳಿದರೆ ಅಲ್ಲಿ ಯಾವ ಊರು, ಯಾವ ಮನೆ, ಯಾವ ಮನುಷ್ಯ ಎಂದು ತಿಳಿಯಬೇಕು. ಹಳೆಯದಕ್ಕೂ ಹೊಸದಕ್ಕೂ ನಾನು ಇದನ್ನೇ ಹಿಡಿಯುತ್ತೇನೆ. "ಹಿಂದಿನ ಚಿತ್ರಗಳೇ ಚಿನ್ನ, ಇಂದಿನವೆಲ್ಲ ಗದ್ದಲ" ಎನ್ನುವವರ ಸಾಲಿನಲ್ಲಿ ನಾನಿಲ್ಲ. ಹಳೆಯದೆಲ್ಲ ಗೊಡ್ಡು ಎನ್ನುವ ಹುಡುಗರ ಸಾಲಿನಲ್ಲೂ ಇಲ್ಲ.

ಹಳೆಯ ಚಿತ್ರಗಳ ದೊಡ್ಡ ಗುಣವೆಂದರೆ ಸ್ಪಷ್ಟವಾದ ಮಾತು. ಆ ನಟರಲ್ಲಿ ಬಹಳ ಜನ ಕಂಪನಿ ನಾಟಕದಿಂದ ಬಂದವರು. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿದ ಮುತ್ತುರಾಜ 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ಆದರು. ನಮ್ಮ ಗದಗಿನಲ್ಲಿ ಗರೂಡ ಸದಾಶಿವರಾಯರು ದತ್ತಾತ್ರೇಯ ನಾಟಕ ಮಂಡಳಿ ಕಟ್ಟಿ ಇಂಥದೇ ಶಾಲೆ ನಡೆಸಿದ್ದರು. ಮೈಕಿಲ್ಲದ ಕಾಲ. ಥೇಟರಿನ ಕಟ್ಟಕಡೆಗೆ ನೆಲದ ಮೇಲೆ ಕೂತವನಿಗೂ ಮಾತು ಮುಟ್ಟಬೇಕು, ಮುಟ್ಟದಿದ್ದರೆ ಅವನು ಎದ್ದು ನಿಂತು ಕೂಗುತ್ತಾನೆ. ಅಕ್ಷರ ನುಂಗದ, ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ಬಲ್ಲ ಆ ನಾಲಗೆ ಕ್ಯಾಮೆರಾದ ಮುಂದೆಯೂ ಬಂತು. ಇಂದಿನ ಎಷ್ಟೋ ನಟರ ಮಾತು ಹಿನ್ನೆಲೆ ಸಂಗೀತ ತೆಗೆದರೆ ಬರೀ ಗೊಣಗಾಟವಾಗಿ ಉಳಿಯುತ್ತದೆ. ಈ ಒಂದು ವಿಷಯದಲ್ಲಿ ಹಿರಿಯರ ಮುಂದೆ ಕಿರಿಯರು ಇನ್ನೂ ಕಲಿಯಬೇಕು.

'ಕಸ್ತೂರಿ ನಿವಾಸ' 1971ರದ್ದು, ದೊರೆ–ಭಗವಾನ್ ಜೋಡಿಯ ನಿರ್ದೇಶನ. ಬೆಂಕಿಪೊಟ್ಟಣದ ಕಾರ್ಖಾನೆಯ ಧಣಿ ಎಲ್ಲವನ್ನೂ ಕೊಟ್ಟು ಬರಿಗೈ ಆಗುವ ಕಥೆ. ಕೊನೆಯಲ್ಲಿ ಮನೆಗೆ ಬಂದವಳಿಗೆ ಊಟ ಹಾಕಲು ಅವನ ಬಳಿ ಏನೂ ಇಲ್ಲ. ಸಾಕಿದ ಪಾರಿವಾಳವನ್ನು ಮಾರಿ ಊಟ ಹಾಕುತ್ತಾನೆ. ಅವಳು ಬಂದಿದ್ದೋ, ಕಾಯಿಲೆ ಬಿದ್ದ ಮಗುವಿಗಾಗಿ ಅದೇ ಪಾರಿವಾಳ ಕೇಳಲು. ಈ ಭಾಗವನ್ನು ನಾನು ಮೊದಲು ರೇಡಿಯೋದಲ್ಲಿ ಕೇಳಿದವನು. ಅವಳು ಕೇಳುತ್ತಾಳೆ, ಆಮೇಲೆ ಉತ್ತರ ಬರುವುದಿಲ್ಲ. ಆ ಸುಮ್ಮನಿರುವಿಕೆಯೊಳಗೆ ರಾಜ್‌ಕುಮಾರ್ ಅವರ ಮುಖ ನನಗೆ ಕಂಡಿತ್ತು. ಮುಂದೆ ಪರದೆಯ ಮೇಲೆ ನೋಡಿದಾಗ ಆ ಮುಖ ಕಿವಿ ಕಂಡ ಮುಖಕ್ಕಿಂತ ಬೇರೆಯಾಗಿರಲಿಲ್ಲ. 2014ರಲ್ಲಿ ಅದಕ್ಕೆ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದರು. ಹೊಸ ತಲೆಮಾರು ನೋಡಿತು, ಅದು ಸಂತೋಷ. ಆದರೆ ಬಣ್ಣದ ಕಸ್ತೂರಿ ನಿವಾಸ ನನಗೆ ಬೇಡ. ಆ ಮನೆ ಬರಿದಾಗುತ್ತ ಹೋಗುವುದನ್ನು ಕಪ್ಪು ಬಿಳುಪಿನ ಬೆಳಕು ಎಷ್ಟು ಚೆಂದಾಗಿ ತೋರಿಸಿತ್ತೆಂದರೆ, ಅಲ್ಲಿ ಗೋಡೆಗೆ ಗುಲಾಬಿ ಬಣ್ಣ ಯಾಕೆ ಬೇಕು?

ಇನ್ನು 'ಬಂಗಾರದ ಮನುಷ್ಯ'ದ ಮಾತು ಎತ್ತದೆ ಇದ್ದರೆ ನಮ್ಮೂರಿನವರೇ ನನ್ನನ್ನು ಬಿಡುವುದಿಲ್ಲ. 1972ರ ಚಿತ್ರ, ಬೆಂಗಳೂರಿನ ಒಂದೇ ಟಾಕೀಜಿನಲ್ಲಿ ಎರಡು ವರ್ಷ ಓಡಿತು. ಉಣ್ಣುವ ತಟ್ಟೆಯ ಮುಂದೆ ಅವಮಾನವಾದ ನಾಯಕ ರಾಜೀವ ಮಾತಿಲ್ಲದೆ ಎದ್ದು ಹೋಗುವುದು ಒಕ್ಕಲುತನದ ಮನೆಗಳಲ್ಲಿ ಇವತ್ತಿಗೂ ಮರೆಯಲಾಗದ ಗಾಯ. ಆದರೂ ಆ ಹಳ್ಳಿ ನಮ್ಮ ಹಳ್ಳಿ ಆಗಿರಲಿಲ್ಲ. ತೆಂಗು, ಗದ್ದೆ, ಕಾಲುವೆ ನೀರು. ರೋಣದ ಕಡೆಯ ಎರೆಹೊಲ, ಬಿಳಿಜೋಳ, ಮಳೆಗಾಗಿ ಆಕಾಶ ನೋಡುವ ಜನ ಅಲ್ಲಿ ಇರಲಿಲ್ಲ. ನಾವು ಅತ್ತದ್ದು ನಿಜ, ಆದರೆ ದೂರದ ಬಂಧುವಿನ ದುಃಖಕ್ಕೆ ಅತ್ತಂತೆ ಅತ್ತೆವು.

ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ. 1961ರ 'ಕಿತ್ತೂರು ಚೆನ್ನಮ್ಮ' ನೋಡಿ. ಬಿ.ಆರ್. ಪಂತುಲು ಅವರ ನಿರ್ದೇಶನ, ಬಿ. ಸರೋಜಾದೇವಿಯವರ ಚೆನ್ನಮ್ಮ. ಸಂಭಾಷಣೆಯ ಗತ್ತಿಗೆ ಮೈ ಜುಮ್ಮೆನ್ನುತ್ತದೆ, ಸರೋಜಾದೇವಿಯವರ ನಿಲುವು ರಾಣಿಯದೇ. ಆದರೆ ಕಿತ್ತೂರಿನ ರಾಣಿ, ಕಿತ್ತೂರಿನ ಸೈನಿಕ, ಕಿತ್ತೂರಿನ ಆಳು ಎಲ್ಲರೂ ಮಾತಾಡುವುದು ಮೈಸೂರಿನ ಪುಸ್ತಕದ ಕನ್ನಡ. ನಮ್ಮ ನೆಲದ ಕಥೆ ತೆರೆಗೆ ಹೋಯಿತು, ನಮ್ಮ ನೆಲದ ಮಾತು ಹೊರಗೇ ಉಳಿಯಿತು.

ಇದಕ್ಕೆ ಯಾರ ದುರುದ್ದೇಶವೂ ಕಾರಣವಲ್ಲ. ಮೊದಲ ಕನ್ನಡ ಟಾಕಿ 'ಸತಿ ಸುಲೋಚನಾ' ತಯಾರಾದದ್ದು ಕೊಲ್ಹಾಪುರದ ಸ್ಟುಡಿಯೋದಲ್ಲಿ, ತೆರೆ ಕಂಡದ್ದು 1934ರ ಮಾರ್ಚ್ 3ರಂದು. ಬೆಂಗಳೂರಿಗಿಂತ ನಮಗೆ ಕೊಲ್ಹಾಪುರವೇ ಹತ್ತಿರ. ಆಮೇಲೆ ಕನ್ನಡ ಚಿತ್ರ ಮದರಾಸಿನ ಸ್ಟುಡಿಯೋಗಳಿಗೆ, ಮೈಸೂರಿಗೆ, ಬೆಂಗಳೂರಿಗೆ ಸರಿಯಿತು. ಬರೆಯುವವರು, ಆಡುವವರು ಹೆಚ್ಚಿನವರು ಆ ಕಡೆಯವರು. ನಾವೋ ಮುಂಬೈ ಪ್ರಾಂತದವರು, ಹಿಂದಿ ಮರಾಠಿ ಚಿತ್ರ ನೋಡಿ ಬೆಳೆದವರು. ಅವರ ಕಿವಿಗೆ ನಮ್ಮ ಮಾತು ಬಿದ್ದದ್ದೇ ಕಡಿಮೆ. ಬಿದ್ದಾಗ ಅದು ನಗೆಗೆ ಬಳಕೆಯಾಯಿತು. ಗಂಡುಮೆಟ್ಟಿನ ನಾಡು ಎಂದು ಭಾಷಣದಲ್ಲಿ ಹೊಗಳುತ್ತಾರೆ; ಪರದೆಯ ಮೇಲೆ ಮಾತ್ರ "ಹೌದಲ್ರೀ, ಏನ್ರೀಪಾ" ಎನ್ನುವವನು ಪೊಲೀಸ್ ಪೇದೆ, ಇಲ್ಲವೇ ಮನೆಯ ಆಳು, ಇಲ್ಲವೇ ಕುಡುಕ. ನಾಯಕ ಪ್ರೀತಿ ಹೇಳಿಕೊಳ್ಳುವಾಗ, ತಾಯಿ ಸಾಯುವ ಹೊತ್ತಿಗೆ ಮಗನನ್ನು ಕರೆಯುವಾಗ ಆ ಮಾತು ಇರಲಿಲ್ಲ. ನಮ್ಮ ತಾಯಂದಿರು ಯಾವ ಮಾತಿನಲ್ಲಿ ಮಕ್ಕಳನ್ನು ಕರೆದರು? ಈ ಪ್ರಶ್ನೆ ನನ್ನೊಳಗೆ ಬಹಳ ವರ್ಷ ಸಿಟ್ಟಾಗಿಯೇ ಇತ್ತು.

ಮಾತಿಗೆ ಮೊದಲು ನಮ್ಮ ಕಡೆಯ ದನಿ ಸಿನಿಮಾದೊಳಗೆ ಹೊಕ್ಕಿದ್ದು ಹಾಡಿನ ಬಾಗಿಲಿನಿಂದ. ನಮ್ಮ ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು 1956ರಲ್ಲೇ ಹಿಂದಿಯ 'ಬಸಂತ್ ಬಹಾರ್' ಚಿತ್ರಕ್ಕೆ ಹಾಡಿದ್ದರು. ಅದರಲ್ಲಿ ಅವರೊಂದಿಗೆ ಸ್ಪರ್ಧೆಯ ಹಾಡು ಹಾಡಿ ಗೆಲ್ಲಬೇಕಾಗಿ ಬಂದ ಮನ್ನಾ ಡೇ ಎಷ್ಟು ಹೆದರಿದ್ದರೆಂದು ಅವರೇ ಹೇಳಿಕೊಂಡಿದ್ದಾರೆ. ಹತ್ತು ವರ್ಷದ ಮೇಲೆ, 1966ರಲ್ಲಿ, ಅನಕೃ ಕಾದಂಬರಿಯ 'ಸಂಧ್ಯಾರಾಗ' ಬಂತು. ಜಿ.ಕೆ. ವೆಂಕಟೇಶ್ ಸಂಗೀತ. ರಾಜ್‌ಕುಮಾರ್ ತುಟಿಯಲ್ಲಿ ಭೀಮಸೇನರ ದನಿ! ಆ ದನಿ ಶುರುವಾದರೆ ರಾಜ್‌ಕುಮಾರ್ ಅವರನ್ನೂ ಮರೆತು ನಾನು ಕಣ್ಣು ಮುಚ್ಚುತ್ತೇನೆ. ಮರುವರ್ಷ ಪುಟ್ಟಣ್ಣ ಕಣಗಾಲರ 'ಬೆಳ್ಳಿಮೋಡ'ದಲ್ಲಿ ಬೇಂದ್ರೆಯವರ 'ಬೆಳಗು' ಕವನ ಹಾಡಾಯಿತು. ಬೇಂದ್ರೆಯವರಿದ್ದ ಧಾರವಾಡದ ಸಾಧನಕೇರಿಯ ಬೆಳಗನ್ನು ಮಲೆನಾಡಿನ ಮಂಜಿನಲ್ಲಿ ಚಿತ್ರಿಸಿದರು ಎಂದು ಆಕ್ಷೇಪಿಸುವವರಿದ್ದಾರೆ. ನಾನು ಆಕ್ಷೇಪಿಸುವುದಿಲ್ಲ, ಆ ಕವನ ಯಾವ ನೆಲದಲ್ಲೂ ಬೆಳಕು ಚೆಲ್ಲುತ್ತದೆ. 1995ರಲ್ಲಿ ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳ ಜೀವನ ಚಿತ್ರವಾಯಿತು. ಹಂಸಲೇಖ ಅವರಿಗೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ಅದು ರಾಷ್ಟ್ರಪ್ರಶಸ್ತಿ ತಂದಿತು.

ಹಾಡು ಒಳಗೆ ಬಂದ ಮೇಲೆ ಮಾತಿಗೂ ಬಾಗಿಲು ತೆರೆಯಲೇಬೇಕಾಯಿತು. ಆ ಕೆಲಸ ಮಾಡಿದವರಲ್ಲಿ ಟಿ.ಎಸ್. ನಾಗಾಭರಣರ ಹೆಸರನ್ನು ನಾನು ಮೊದಲು ಹೇಳುತ್ತೇನೆ. 1990ರ 'ಸಂತ ಶಿಶುನಾಳ ಶರೀಫ', 1997ರ 'ನಾಗಮಂಡಲ', ಎರಡಕ್ಕೂ ಸಿ. ಅಶ್ವಥ್ ಸಂಗೀತ. ಶರೀಫರ ಪದಗಳು ನಮ್ಮಲ್ಲಿ ಭಜನಾ ಮೇಳದವರ ಬಾಯಲ್ಲಿ ಆಗಲೇ ಇದ್ದವು. ಸಿನಿಮಾ ಅವನ್ನು ಇಡೀ ಕರ್ನಾಟಕದ ಬಾಯಿಗೆ ಹಾಕಿತು. ಆದರೆ ನನಗೆ ಹೆಚ್ಚು ಮುಖ್ಯವಾದದ್ದು ನಾಗಮಂಡಲ. ಗಿರೀಶ ಕಾರ್ನಾಡರ ನಾಟಕ ಚಿತ್ರವಾಗುವಾಗ ಪಾತ್ರಗಳಿಗೆ ಉತ್ತರ ಕರ್ನಾಟಕದ ಮಾತು ಬಂತು. ಪ್ರಕಾಶ್ ರೈ ಎರಡು ಜೀವವಾಗಿ, ಗಂಡನಾಗಿ ಹಾಗೂ ನಾಗನಾಗಿ, ಆ ಮಾತಾಡಿದರು. ಅದೇ ಬಾಯಿ, ಅದೇ ಮಾತು. ಹಗಲಿನಲ್ಲಿ ಬೈಗುಳ, ರಾತ್ರಿಯಲ್ಲಿ ಒಲವು. ನಮ್ಮ ಮಾತಿನಲ್ಲಿ ಒಲವು ಹೇಳಿಕೊಳ್ಳಬಹುದು, ನೋಡುವವರು ನಗುವುದಿಲ್ಲ ಎಂದು ಕನ್ನಡ ಚಿತ್ರ ತೋರಿಸಿಕೊಟ್ಟ ಗಳಿಗೆ ನನ್ನ ಪಾಲಿಗೆ ಅದು.

ಅದೇ 1997ರ 'ತಾಯಿಸಾಹೇಬ' ಬಗ್ಗೆ ನೇಕಾರನಾಗಿ ಒಂದು ಮಾತು ಹೇಳಬೇಕು. ಗಿರೀಶ್ ಕಾಸರವಳ್ಳಿಯವರ ಈ ಚಿತ್ರಕ್ಕೆ ಸ್ವರ್ಣಕಮಲ ಬಂತು. ವಸ್ತ್ರವಿನ್ಯಾಸಕ್ಕೆ ವೈಶಾಲಿ ಕಾಸರವಳ್ಳಿಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ಬಹಳ ಚಿತ್ರಗಳಲ್ಲಿ ಹಳ್ಳಿಯ ಹೆಂಗಸು ಅಂದರೆ ಮುಗಿಯಿತು, ಅಂಗಡಿಯಿಂದ ಆಗಷ್ಟೇ ತಂದ ಇಳಕಲ್ ಸೀರೆ, ಮಡಿಕೆಯ ಗೆರೆ ಕೂಡ ಹೋಗಿರುವುದಿಲ್ಲ. ಸೆರಗಿನ ತೋಪು ತೆನೆ ಕ್ಯಾಮೆರಾಕ್ಕೆ ಕಾಣಲೆಂದು ಹರವಿ ಬಿಟ್ಟಿರುತ್ತಾರೆ. ಹೊಲದಲ್ಲಿ ಕಳೆ ತೆಗೆಯುವವಳು ಸೆರಗನ್ನು ಹಾಗೆ ಬಿಡುತ್ತಾಳೆಯೇ? ಸುತ್ತಿ ಸೊಂಟಕ್ಕೆ ಸಿಕ್ಕಿಸುತ್ತಾಳೆ. ನಮ್ಮೂರಿನ ಪಟ್ಟೇದ ಅಂಚಿನ ಸೀರೆ ಒರಟು ನೂಲಿನ ಚೌಕಡಿಯದು; ದುಡಿಯುವವರ ಮೈಗೆ ಹೊಂದಿ ಬಂದ ಸೀರೆ. ಒಗೆದಷ್ಟೂ ಮೆತ್ತಗಾಗುತ್ತದೆ, ಬಣ್ಣ ಇಳಿದು ಅದಕ್ಕೊಂದು ವಯಸ್ಸು ಬರುತ್ತದೆ. ತಾಯಿಸಾಹೇಬದಲ್ಲಿ ಜಯಮಾಲಾ ಉಟ್ಟ ಸೀರೆಗಳಿಗೆ ಆ ವಯಸ್ಸು ಇತ್ತು. ವಾಡೆಯ ಐಶ್ವರ್ಯ ಇಳಿದಂತೆ ಉಡುಗೆಯೂ ಇಳಿಯುವುದನ್ನು ಮಗ್ಗದವರ ಕಣ್ಣು ಕೂಡಲೇ ಹಿಡಿಯುತ್ತದೆ. ಬಟ್ಟೆಯ ವಿಷಯದಲ್ಲಿ ಇಷ್ಟು ಎಚ್ಚರವಿದ್ದವರು ಮನುಷ್ಯರ ವಿಷಯದಲ್ಲಿ ಸುಳ್ಳು ಹೇಳಲಾರರು ಎಂಬ ನಂಬಿಕೆ ನನಗೆ ಅಲ್ಲಿಂದ ಬಂತು.

ಗಿರೀಶ್ ಕಾಸರವಳ್ಳಿಯವರದೇ 'ಕನಸೆಂಬೋ ಕುದುರೆಯನೇರಿ' ಅಮರೇಶ ನುಗಡೋಣಿಯವರ 'ಸವಾರಿ' ಕಥೆಯಿಂದ ಹುಟ್ಟಿದ್ದು. ಹೆಣಕ್ಕೆ ಕುಣಿ ತೋಡುವ ಈರ್ಯಾನಾಗಿ ವೈಜನಾಥ ಬಿರಾದಾರ, ಅವನ ಹೆಂಡತಿಯಾಗಿ ಉಮಾಶ್ರೀ. ಬಿರಾದಾರರನ್ನು ಎಷ್ಟೋ ಚಿತ್ರಗಳು ಕುಡುಕನ ಪಾತ್ರಕ್ಕೆ ಕರೆದಿದ್ದವು. ಇದರಲ್ಲಿ ಅವರು ಕನಸನ್ನು ನಂಬಿ ಬದುಕುವ ಮನುಷ್ಯ. ನಗೆಗೆ ಮೀಸಲಾಗಿದ್ದ ಅದೇ ಮಾತು, ಅದೇ ದೇಹ ಎಷ್ಟು ಎತ್ತರಕ್ಕೆ ಹೋಗಬಲ್ಲದು ಎಂದು ತಿಳಿಯಬೇಕಾದವರು ಈ ಚಿತ್ರ ನೋಡಬೇಕು.

ಈಚಿನ ದೊಡ್ಡ ಚಿತ್ರಗಳ ವಿಷಯಕ್ಕೆ ಬರುತ್ತೇನೆ. 'ಕೆಜಿಎಫ್' ಕನ್ನಡದ ಮಾರುಕಟ್ಟೆಯನ್ನು ದೇಶದುದ್ದಕ್ಕೂ ಹಿಗ್ಗಿಸಿತು, ಅದನ್ನು ಮಾಡಿದವರ ಶ್ರಮಕ್ಕೆ ನನ್ನ ಗೌರವವಿದೆ. ಆದರೆ ಕಣ್ಣು ಮುಚ್ಚಿದರೆ ಅಲ್ಲಿ ನನಗೆ ಮನುಷ್ಯರು ಸಿಗುವುದಿಲ್ಲ. ಪ್ರತಿ ಮಾತೂ ಘೋಷಣೆ, ಪ್ರತಿ ಘೋಷಣೆಯ ಬೆನ್ನಿಗೆ ನಗಾರಿ. ಕೋಲಾರದ ಗಣಿಯಲ್ಲಿ ದುಡಿದವರ ಉಸಿರು ಆ ಸದ್ದಿನಡಿ ಹೂತುಹೋಯಿತು. 2022ರ 'ಕಾಂತಾರ'ದ ಅಬ್ಬರವೂ ಕಡಿಮೆಯದಲ್ಲ. ಆದರೂ ಅದು ಒಂದು ಹಳೆಯ ನೆಪವನ್ನು ಮುರಿದುಹಾಕಿತು. ಉತ್ತರ ಕರ್ನಾಟಕದ ಮಾತಿಟ್ಟರೆ ಹಳೇ ಮೈಸೂರಿನವರಿಗೆ ತಿಳಿಯುವುದಿಲ್ಲ, ಚಿತ್ರ ಓಡುವುದಿಲ್ಲ ಎಂದು ಎಷ್ಟು ವರ್ಷ ಕೇಳಿದ್ದೆವು! ಕಾಂತಾರದ ಕರಾವಳಿ ಕನ್ನಡ ಗಜೇಂದ್ರಗಡದವರಿಗೆ ಪೂರ್ತಿ ತಿಳಿಯಲಿಲ್ಲ. ಯಾರಾದರೂ ಎದ್ದು ಹೋದರೇ? ಇಲ್ಲ. ತಿಳಿಯದ ಮಾತನ್ನು ಮಗ್ಗುಲಿನವರನ್ನು ಕೇಳಿಕೊಂಡರು, ಕೆಲವನ್ನು ಮುಖ ನೋಡಿ ಅರ್ಥ ಮಾಡಿಕೊಂಡರು. ಅದಕ್ಕೂ ಮೊದಲೇ 'ತಿಥಿ' ಬಂದಿತ್ತು. ಮಂಡ್ಯದ ಹಳ್ಳಿಯವರೇ ಆಡಿದ ಚಿತ್ರ, 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೋ ಉತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ಸ್ವಿಟ್ಜರ್ಲೆಂಡಿನವರಿಗೆ ತಿಳಿದ ಮಂಡ್ಯದ ಮಾತು ಕನ್ನಡದವರಿಗೆ ತಿಳಿಯದೇ? ನೋಡುವವರನ್ನು ದಡ್ಡರೆಂದು ತಿಳಿದವರು ಚಿತ್ರ ಮಾಡುವವರೇ ಹೊರತು, ನೋಡುವವರು ಎಂದೂ ದಡ್ಡರಾಗಿರಲಿಲ್ಲ.

ಈಗ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದ ಚಿತ್ರ. 'ಶಿವಮ್ಮ ಯರೇಹಂಚಿನಾಳ'. ಯರೇಹಂಚಿನಾಳ ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಊರು. ಅಲ್ಲಿಗೂ ನಮಗೂ ಬೀಗತನ ಇದೆ, ಕೊಡುಕೊಳ್ಳುವಿಕೆ ಇದೆ. ಜೈಶಂಕರ್ ಆರ್ಯರ್ ಅವರ ಮೊದಲ ಚಿತ್ರ, ನಿರ್ಮಾಣ ರಿಷಬ್ ಶೆಟ್ಟಿಯವರದು. 2022ರಲ್ಲಿ ಕೊರಿಯಾದ ಬೂಸಾನ್ ಚಲನಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದು, 2024ರ ಜೂನ್‌ನಲ್ಲಿ ಇಲ್ಲಿ ಬಿಡುಗಡೆಯಾಯಿತು. ಶಿವಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಗಂಡ ಹಾಸಿಗೆ ಹಿಡಿದಿದ್ದಾನೆ, ಮಗಳ ಮದುವೆ ಎದುರಿಗಿದೆ. ಇದ್ದ ದುಡ್ಡನ್ನು ಸರಪಳಿ ಮಾರಾಟದ ಒಂದು ಶಕ್ತಿವರ್ಧಕಕ್ಕೆ ಹಾಕಿ, ಊರಿನವರಿಗೆಲ್ಲ ಅದನ್ನು ಮಾರಲು ಹೊರಡುತ್ತಾಳೆ.

ಇದು ನಮ್ಮ ಓಣಿಗೂ ಬಂದು ಹೋದ ಕಥೆ. ಡಬ್ಬಿ ಹಿಡಿದು ಬಂದ ಅಕ್ಕ, ಚಿಗವ್ವ, ಸಂಘದ ಗೆಳತಿ ಯಾರ ಮನೆಗೆ ಬಂದಿಲ್ಲ? "ತಗೋವಾ, ನಿನ್ನ ಮೊಣಕಾಲ ಬ್ಯಾನಿ ಹದಿನೈದ ದಿನದಾಗ ಹೊಕ್ಕತಿ." ಬೇಡ ಎಂದರೆ ಸಂಬಂಧ ಕೆಡುತ್ತದೆ, ತೆಗೆದುಕೊಂಡರೆ ದುಡ್ಡು ಹೋಗುತ್ತದೆ. ಇಂಥ ಹೆಂಗಸನ್ನು ಸಿನಿಮಾದವರು ಸುಲಭವಾಗಿ ಎರಡು ರೀತಿ ಮಾಡಬಹುದಿತ್ತು: ಮೋಸ ಹೋದ ಬಡಪಾಯಿ, ಅಥವಾ ಆಸೆಬುರುಕಿ. ಶಿವಮ್ಮ ಎರಡೂ ಅಲ್ಲ. ಅವಳು ಹಟಮಾರಿ. ತಾನು ನಂಬಿದ್ದನ್ನು ಬಿಡುವುದಿಲ್ಲ, ಬೈದವರ ಮನೆಗೇ ಮತ್ತೆ ಹೋಗುತ್ತಾಳೆ, ಯಾರ ಕರುಣೆಯನ್ನೂ ಬೇಡುವುದಿಲ್ಲ. ನಮ್ಮ ಕಡೆ ಮನೆತನ ನಡೆಸಿದ ಎಷ್ಟು ಹೆಂಗಸರು ಹೀಗೇ ಇದ್ದಾರೆ!

ಶಿವಮ್ಮನಾದ ಶರಣಮ್ಮ ಚೆಟ್ಟಿ ಸಿನಿಮಾದಿಂದ ಬಂದವರಲ್ಲ. ಜೊತೆಗಿರುವವರಲ್ಲಿ ಬಹುಮಂದಿ ಆ ಊರಿನವರೇ. 1948ರಲ್ಲಿ ಇಟಲಿಯ ಡಿ ಸಿಕಾ 'ಬೈಸಿಕಲ್ ಥೀವ್ಸ್' ಮಾಡುವಾಗ ಕಾರ್ಖಾನೆಯ ಕೆಲಸಗಾರನೊಬ್ಬನನ್ನು ಕರೆತಂದು ನಾಯಕನನ್ನಾಗಿ ಮಾಡಿದ. ಎಪ್ಪತ್ತು ವರ್ಷ ದಾಟಿದ ಮೇಲೆ ಆ ಧೈರ್ಯ ನಮ್ಮ ಎರೆನೆಲದಲ್ಲೂ ಫಲ ಕೊಟ್ಟಿತು. ಕಂಪನಿ ನಾಟಕದ ನಟರು ಮಾತನ್ನು ಎತ್ತಿ ಎತ್ತಿ ಕೊಡುತ್ತಿದ್ದರು. ಶರಣಮ್ಮನವರು ಹಾಗಲ್ಲ, ನಮ್ಮ ಹೆಂಗಸರು ಆಡುವ ವೇಗದಲ್ಲಿಯೇ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುವಂತೆಯೇ ಆಡುತ್ತಾರೆ. ಹಳೆಯ ಚಿತ್ರಗಳ ಸ್ಪಷ್ಟತೆಯನ್ನು ಅಷ್ಟು ಹೊಗಳಿದ ನಾನೇ ಇದನ್ನೂ ಹೊಗಳುತ್ತಿದ್ದೇನೆ. ಎರಡೂ ನಿಜ. ಅವರು ಕೊನೆಯ ಸಾಲಿನವನಿಗೆ ಕೇಳಿಸಲೆಂದು ಮಾತಾಡಿದರು. ಇವರು ಎದುರಿಗಿದ್ದವಳಿಗೆ ಡಬ್ಬಿ ಮಾರಲೆಂದು ಮಾತಾಡುತ್ತಾರೆ. ಕಣ್ಣು ಮುಚ್ಚಿದರೆ ನನಗೆ ನಮ್ಮ ಓಣಿಯೇ ಕೇಳಿಸುತ್ತದೆ.

ಇಂಥ ಚಿತ್ರ ಬೂಸಾನಿಗೆ ಹೋಗುತ್ತದೆ, ಬೆಂಗಳೂರಿನ ಮಾಲುಗಳಿಗೆ ಬರುತ್ತದೆ. ಅದು ಯಾರ ಬದುಕಿನದೋ ಅವರ ಊರಿನ ಟಾಕೀಜಿಗೆ ಬರುವುದು ಕಷ್ಟ. ಮೊಬೈಲಿನಲ್ಲಿ ಸಿಗುತ್ತದಲ್ಲ ಎನ್ನುತ್ತಾರೆ. ಅಂಗೈಯಗಲದ ತೆರೆಯಲ್ಲಿ ಒಬ್ಬರೇ ನೋಡುವುದು ಬೇರೆ, ನಾಲ್ಕು ಮನೆಯವರು ಕೂಡಿ ನೋಡಿ ಆಮೇಲೆ ಕಟ್ಟೆಯ ಮೇಲೆ ಕೂತು ಜಗಳಾಡುವುದು ಬೇರೆ. ಮಲೆನಾಡಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲೇ ನೀನಾಸಮ್ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ಜನಕ್ಕೆ ಸತ್ಯಜಿತ್ ರಾಯ್‌ರನ್ನೂ ಕುರೊಸಾವಾನನ್ನೂ ತೋರಿಸಿದರು. ಹಳ್ಳಿಯವರು ನೋಡಿದರು, ಅವರವರ ಮಾತಿನಲ್ಲಿ ಅಭಿಪ್ರಾಯ ಹೇಳಿದರು. ನಮ್ಮಲ್ಲಿ ಅದಕ್ಕೇನು ಕೊರತೆ? ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಇವತ್ತಿಗೂ ಡೇರೆ ಹಾಕಿ ವಾರಗಟ್ಟಲೆ ಆಡುತ್ತವೆ, ಸುತ್ತಲಿನ ಊರುಗಳವರು ರಾತ್ರಿಯೆಲ್ಲ ನಿದ್ದೆಗೆಟ್ಟು ನೋಡುತ್ತಾರೆ. ಆ ಡೇರೆಗಳ ಸಾಲಿನಲ್ಲಿ ಒಂದು ಡೇರೆ ಒಳ್ಳೆಯ ಕನ್ನಡ ಚಿತ್ರಗಳಿಗೆ ಇರಲಿ. ನಮ್ಮೂರಿನ ಕಾಲಕಾಲೇಶ್ವರನ ಜಾತ್ರೆಯ ಹೊತ್ತಿಗೂ ಹಾಗೆ ಮಾಡಬಹುದು. ನೇಕಾರರ ಸಂಘಗಳು, ಕಾಲೇಜುಗಳು ಮನಸ್ಸು ಮಾಡಿದರೆ ಒಂದು ಪ್ರೊಜೆಕ್ಟರ್, ಒಂದು ಬಿಳಿ ಬಟ್ಟೆ ಸಾಕು. ಬಟ್ಟೆ ನಾವೇ ನೇಯುತ್ತೇವೆ.

ಇನ್ನೊಂದು ಆಸೆ ಇದೆ. 1980ರ ಜುಲೈ 21. ಮಲಪ್ರಭಾ ಕಾಲುವೆಯ ನೀರಿನ ಕರದ ವಿರುದ್ಧ ನರಗುಂದ, ನವಲಗುಂದದ ರೈತರು ಬೀದಿಗಿಳಿದರು, ಗುಂಡು ಹಾರಿತು, ರೈತರ ಜೀವ ಹೋಯಿತು. ಕರ್ನಾಟಕದ ರೈತ ಚಳವಳಿಯ ದಿಕ್ಕು ಬದಲಿಸಿದ ದಿನ. ಆ ಬಂಡಾಯದ ಮೇಲೆ 'ನರಗುಂದ ಬಂಡಾಯ' ಎಂಬ ಚಿತ್ರ 2020ರ ಮಾರ್ಚ್‌ನಲ್ಲಿ ತೆರೆಗೆ ಬಂತು. ಬರುವುದಕ್ಕೂ ಕೊರೊನಾ ಕಾರಣಕ್ಕೆ ಟಾಕೀಜುಗಳು ಬಾಗಿಲು ಹಾಕುವುದಕ್ಕೂ ಸರಿಹೋಯಿತು. ಅದು ಒಬ್ಬ ನಾಯಕನ ಸುತ್ತ ಕಟ್ಟಿದ ಚಿತ್ರ. ಅಂಥದೂ ಬೇಕು. ಆದರೆ ಅಂಥ ದೊಡ್ಡ ಘಟನೆ ಒಂದೇ ಚಿತ್ರಕ್ಕೆ ಮುಗಿಯುವುದಿಲ್ಲ. ಶಿವಮ್ಮನನ್ನು ಮಾಡಿದ ಬಗೆಯಲ್ಲಿ, ಊರಿನವರನ್ನೇ ಕೂಡಿಸಿಕೊಂಡು, ನಾಯಕನಿಲ್ಲದೆ ಆ ಒಂದು ದಿನದ ಕಥೆ ಹೇಳುವ ಚಿತ್ರ ಇನ್ನೂ ಬರಬೇಕಾಗಿದೆ. ಕರದ ನೋಟಿಸು ಕೈಗೆ ಬಂದಾಗ ಮನೆಯಲ್ಲಿ ಆಡಿದ ಮಾತು, ಪೇಟೆಗೆ ಹೋದವನು ಸಂಜೆ ಬಾರದಿದ್ದಾಗ ಓಣಿಯ ಹೆಂಗಸರು ಆಡಿದ ಮಾತು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಆಗ ಇಪ್ಪತ್ತರ ಹರೆಯದಲ್ಲಿದ್ದವರು ಈಗ ಅರವತ್ತು ದಾಟಿದ್ದಾರೆ. ನರಗುಂದದಲ್ಲಿ, ಚಿಕ್ಕನರಗುಂದದಲ್ಲಿ, ನವಲಗುಂದದಲ್ಲಿ ಅವರು ಇನ್ನೂ ಇದ್ದಾರೆ, ಕೇಳಿದರೆ ಹೇಳುತ್ತಾರೆ. ಚಿತ್ರ ಮಾಡಬೇಕೆಂದಿರುವ ನಮ್ಮ ಕಡೆಯ ಹುಡುಗ ಹುಡುಗಿಯರು ಕ್ಯಾಮೆರಾಕ್ಕೆ ದುಡ್ಡು ಕೂಡುವ ತನಕ ಕಾಯುವುದು ಬೇಡ. ಮೊಬೈಲಿನಲ್ಲಿ ಧ್ವನಿ ಹಿಡಿಯಲು ಬರುತ್ತದೆ. ಈ ವರ್ಷವೇ ಹೋಗಿ ಅವರ ಮುಂದೆ ಕೂತು ಕೇಳಿಸಿಕೊಂಡು ಬರಲಿ.